ಒಂದು ತೊಟ್ಟಿಗಾಗುವಷ್ಟು ಸಮುದ್ರ

ನನ್ನ ನೆನಪಿನಲ್ಲಿ ಕಡಲ ಕಲ್ಲು ಇಟ್ಟಿದ್ದ ಗಾಜಿನ ತೊಟ್ಟಿ ದೊಡ್ಡದು, ಮೀನಿನ ತೊಟ್ಟಿ ಚಿಕ್ಕದು. ಆದರೆ ಸಾಗರ ಪೇಟೆಯಲ್ಲಿದ್ದಾಗ ಬರೆದ ದಿನಚರಿಯಲ್ಲಿ ಎರಡರ ಅಳತೆಯೂ ಇದೆ. ಮೀನಿನ ತೊಟ್ಟಿಯೇ ನಾಲ್ಕು ಅಂಗುಲ ಹೆಚ್ಚು ಉದ್ದ. ಟೇಪು ಹಿಡಿದು ಅಳೆದು ಬರೆದವಳು ನಾನೇ. ಇಷ್ಟು ಸರಳ ಸಂಗತಿಯನ್ನೇ ತಲೆಕೆಳಗು ಮಾಡಿಕೊಂಡವಳು ಉಳಿದದ್ದನ್ನು ಯಾವ ಧೈರ್ಯದಿಂದ ಬರೆಯಲಿ? ಅದಕ್ಕೇ ಆ ಹಳೆಯ ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಕೂತಿದ್ದೇನೆ.

ಅರವತ್ತರ ದಶಕದ ಮಾತು. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿ, ಮದುವೆಯಾಗಿ ಸಾಗರಕ್ಕೆ ಬಂದಿದ್ದೆ. ನನ್ನ ಗಂಡ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಓದು ಅಡುಗೆಮನೆಯಲ್ಲಿ ಆವಿಯಾಗಿ ಹೋಗುತ್ತದೆ ಎಂಬ ಭಯ ನನಗೆ. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಗಂಡನಿಗೆ ಗೊತ್ತಾಗಿರಬೇಕು. ಮಿಠಾಯಿ ಅಂಗಡಿಗಳಿಗೆ ಗಾಜಿನ ಕಪಾಟು ಮಾಡಿಕೊಡುತ್ತಿದ್ದ ಒಬ್ಬರಿಂದ ಎರಡು ತೊಟ್ಟಿ ಮಾಡಿಸಿ ತಂದರು. ಕಪಾಟು ಮಾಡುವವರು ಕೊನೆಯವರೆಗೂ ಕೇಳುತ್ತಲೇ ಇದ್ದರಂತೆ: "ಬಾಗ್ಲು ಯಾವ ಕಡೆಗೆ ಇಡ್ಲಿ ಸ್ವಾಮಿ?"

ಹೊನ್ನಾವರದ ಕಡೆಯಿಂದ ಬರುವ ಬಸ್ಸಿನಲ್ಲಿ ಸಮುದ್ರದ ನೀರು ಬರುತ್ತಿತ್ತು, ಅತ್ತೆಯ ಉಪ್ಪಿನಕಾಯಿ ಭರಣಿಗಳಲ್ಲಿ. ಬಾಯಿಗೆ ಬಟ್ಟೆ ಕಟ್ಟಿದ ಭರಣಿಗಳನ್ನು ನೋಡಿ ಒಬ್ಬ ಪ್ರಯಾಣಿಕರು, "ಒಂದ್ ಮಿಡಿ ಕೊಡಿ ಮಾರಾಯ್ರೆ, ಬಾಯಿ ಕೆಟ್ಟೋಗಿದೆ" ಎಂದು ಕಂಡಕ್ಟರನ್ನು ಕಾಡಿದ್ದರಂತೆ. ನೀರಿನ ಜೊತೆಗೆ ಕಡಲ ಬಂಡೆಯ ತುಂಡುಗಳೂ ಅವಕ್ಕೆ ಅಂಟಿಕೊಂಡ ಜೀವಗಳೂ ಬಂದವು. ಒಂದು ತೊಟ್ಟಿಯಲ್ಲಿ ನನ್ನ ಕಲ್ಲು. ಅದರ ಮೇಲೆ ಒಂದು ಕಡಲ ಹೂ, ಸುತ್ತ ಹವಳದ ಬಂಧುಗಳಾದ, ಅಂಗಿಯ ಗುಂಡಿಯಷ್ಟಗಲದ ಜೀವಗಳ ಗುಂಪು. ಕಡಲ ಹೂ ನೋಡುವುದಕ್ಕೆ ಹೂವು, ಬದುಕುವುದು ಪ್ರಾಣಿಯಂತೆ. ಎಸಳು ತಾಗಿದ ಪುಟ್ಟ ಮೀನನ್ನು ಕುಟುಕಿ ನುಂಗುತ್ತದೆ. ಹಾಗಾಗಿ ಮೀನುಗಳಿಗೆ ಬೇರೆ ತೊಟ್ಟಿ. ಅದರಲ್ಲಿಯೂ ಎರಡು ಬಂಡೆ, ನಡುವೆ ಪಟ್ಟೆ ಪಟ್ಟೆಯ ಮೂರು ಮೀನು, ಹೆಬ್ಬೆರಳಿನಷ್ಟುದ್ದ. ನೀರಿಗೆ ಗಾಳಿ ಬೆರೆಯಲು ಎರಡೂ ತೊಟ್ಟಿಗಳ ಮೇಲೆ ತಳಕ್ಕೆ ಸಣ್ಣ ತೂತು ಮಾಡಿದ ಮಣ್ಣಿನ ಕುಡಿಕೆ ತೂಗುಹಾಕಿದ್ದೆವು. ತೊಟ್ಟಿಯದೇ ನೀರನ್ನು ದಿನಕ್ಕೆ ನಾಲ್ಕು ಸಲ ಮೊಗೆದು ಅದಕ್ಕೆ ತುಂಬಿಸುವುದು, ಅದು ಹನಿ ಹನಿಯಾಗಿ ಮತ್ತೆ ಕೆಳಗೆ ಬೀಳುವುದು. ಅತ್ತೆ ಮೊದಲ ಸಲ ನೋಡಿ, "ಶಿವಂಗೆ ಅಭಿಷೇಕ ಆದಾಂಗೆ ಆತು" ಎಂದಿದ್ದರು.

ಮೀನು ಮನೆಗೆ ಬಂದಾಗ ಅತ್ತೆ ಎರಡು ದಿನ ಆ ಕಡೆ ಸುಳಿಯಲಿಲ್ಲ. ಮಂಡಿನೋವಿನಿಂದ ಹೊರಗೆ ಹೋಗುವುದನ್ನು ಬಿಟ್ಟವರು. ಮೂರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಮಣೆ ಎಳೆದುಕೊಂಡು ತೊಟ್ಟಿಯ ಮುಂದೆ ಕೂತರು. ಗಾಜಿನ ಮೇಲೆ ಉಗುರಿನಿಂದ ಟಕ್ ಟಕ್ ಎನ್ನಿಸಿದರು. ಒಂದು ತಿಂಗಳಲ್ಲಿ ಆ ಶಬ್ದಕ್ಕೆ ಮೂರೂ ಮೀನು ಓಡಿಬರುವಂತಾಯಿತು. ಅವುಗಳಿಗೆ ಹಾಕುವ ಒಣ ಸಿಗಡಿಯ ಪುಡಿಯ ಡಬ್ಬಿಯನ್ನು ನಾನು ಬಚ್ಚಲಿನ ಹೊರಗೆ ಸೂರಿನಡಿ ಬಚ್ಚಿಡುತ್ತಿದ್ದೆ. ಅದು ಅಲ್ಲಿದೆ ಎಂಬುದು ಅತ್ತೆಗೆ ತಿಳಿದಿತ್ತು. ತಿಳಿದಿದೆ ಎಂಬುದು ನನಗೂ ತಿಳಿದಿತ್ತು. ಆ ಡಬ್ಬಿಯ ಮಾತನ್ನು ಇಬ್ಬರೂ ಒಮ್ಮೆಯೂ ಎತ್ತಲಿಲ್ಲ.

ನನ್ನ ಲೆಕ್ಕವೆಲ್ಲ ಕಡಲ ಹೂವಿನದು. ಬೆಳಿಗ್ಗೆ ಎಷ್ಟು ಅರಳಿತು, ಯಾವಾಗ ಮುದುಡಿತು, ಬುಡದಲ್ಲಿ ಮರಿ ಮೂಡಿತೇ, ಎಲ್ಲವನ್ನೂ ದಿನ ತಪ್ಪದೆ ಬರೆಯುತ್ತಿದ್ದೆ. ನನ್ನ ಹಳೆಯ ಅಧ್ಯಾಪಕರು ಕಾಗದ ಬರೆದಿದ್ದರು: ಎರಡು ವರ್ಷ ಒಂದು ದಿನವೂ ಬಿಡದೆ ಬರೆದರೆ ಅದನ್ನು ಲೇಖನವಾಗಿ ಅಚ್ಚಿಗೆ ಕಳಿಸಬಹುದು. ಹತ್ತೊಂಬತ್ತು ತಿಂಗಳು ಮುಗಿದಿತ್ತು. ಆಗ ಗಂಡನಿಗೆ ತೀರ್ಥಹಳ್ಳಿಗೆ ವರ್ಗವಾಯಿತು.

ಏಪ್ರಿಲಿನ ಒಂದು ಗುರುವಾರ ಲಾರಿಯಲ್ಲಿ ಹೊರಟೆವು. ಆರು ಭರಣಿಯಲ್ಲಿ ಸಮುದ್ರದ ನೀರು, ಒಂದು ಬಕೆಟ್ಟಿನಲ್ಲಿ ಕಲ್ಲು, ಇನ್ನೊಂದರಲ್ಲಿ ಮೀನು. ಹೊಸನಗರದಲ್ಲಿ ಕಾಫಿಗೆ ನಿಂತಾಗ ಎಲ್ಲವೂ ಸರಿಯಾಗಿತ್ತು. ಹುಂಚದ ಕಡೆ ರಸ್ತೆ ತಿರುಗುವಲ್ಲಿ ಲಾರಿ ಒಂದು ಗುಂಡಿಗೆ ಇಳಿದೆದ್ದಿತು. ಹಿಂದೆ ಏನೋ ಒಡೆದ ಸದ್ದು. ಇಳಿದು ನೋಡಿದರೆ ಮೂರು ಭರಣಿ ಚೂರಾಗಿ, ಹಾಸಿಗೆಯ ಸುರುಳಿಗಳು ಕಡಲನ್ನು ಕುಡಿದು ಕೂತಿದ್ದವು. ಅತ್ತೆ ಚೂರುಗಳನ್ನು ಆಯುತ್ತ, "ಎನ್ನ ಅಬ್ಬೆ ಕೊಟ್ಟ ಭರಣಿ ಒಂದು ಉಳತ್ತು" ಎಂದರು. ತಾಯಿಯ ಆ ಭರಣಿಯನ್ನು ಸೆರಗಿನಿಂದ ಒರೆಸಿದರು.

ತೀರ್ಥಹಳ್ಳಿಯ ಬಾಡಿಗೆ ಮನೆಯ ಯಜಮಾನರು ಪಕ್ಕದಲ್ಲೇ ಇದ್ದ ವಯಸ್ಸಾದ ಗೌಡರು. ಬಕೆಟ್ಟಿನೊಳಗೆ ಇಣುಕಿ ನೋಡಿ ಗಟ್ಟಿಯಾಗಿ ನಕ್ಕರು. "ಎಂಥದ್ ಮಾರಾಯ್ರೆ ಇದು! ಮೀನು ತಿನ್ನೋ ನಮ್ಮನೇಲಿ ಮೀನು ಒಂದಿನ ಉಳಿಯಲ್ಲ. ತಿನ್ನದಿರೋರು ನೀವು, ಮೆರವಣಿಗೆ ಮಾಡ್ಕೊಂಡ್ ಬಂದೀರಿ!"

"ಇವು ತಿನ್ನೋ ಮೀನಲ್ಲ" ಎಂದರು ಅತ್ತೆ, ತುಸು ಬಿರುಸಾಗಿಯೇ.

"ಅದು ಮೀನಿಗೆ ಗೊತ್ತಿದ್ರೆ ಸರಿ, ಅಮ್ಮ."

ಮನೆ ಚಿಕ್ಕದು. ಬಿಸಿಲೂ ಒಲೆಯ ಹೊಗೆಯೂ ತಾಗದ ಜಾಗ ನಡುಮನೆಯ ಒಂದು ಮೂಲೆ ಮಾತ್ರ, ಅಲ್ಲಿ ಒಂದೇ ತೊಟ್ಟಿ ಹಿಡಿಯುವುದು. ಉಳಿದ ನೀರೂ ಒಂದು ತೊಟ್ಟಿಗೆ ಸಾಕು. ಗಂಡ ಸಂಜೆ ಬಸ್ ಸ್ಟಾಂಡಿಗೆ ಹೋಗಿ ಬಂದರು. ಹುಲಿಕಲ್ ಘಾಟಿಯಲ್ಲಿ ರಸ್ತೆ ರಿಪೇರಿ, ಕರಾವಳಿಗೆ ಹೋಗುವ ಬಸ್ಸು ಸೋಮವಾರದವರೆಗೆ ಇಲ್ಲ. ಆಮೇಲೂ ವಾರಕ್ಕೆ ಎರಡು ಭರಣಿಗಿಂತ ಹೆಚ್ಚು ತರಲಾರೆ ಎಂದು ಆ ಬಸ್ಸಿನ ಕಂಡಕ್ಟರು ಖಂಡಿತವಾಗಿ ಹೇಳಿದ್ದರಂತೆ. ಒಂದು ತೊಟ್ಟಿ ಇಟ್ಟುಕೊಳ್ಳಬೇಕು, ಇನ್ನೊಂದರ ಜೀವಗಳನ್ನು ಸೋಮವಾರದ ಬಸ್ಸಿನಲ್ಲಿ ಸಮುದ್ರಕ್ಕೆ ಕಳಿಸಬೇಕು.

"ಯಾವ್ದು ಹೇಳಿ ನೀನೇ ಹೇಳು" ಎಂದರು ಗಂಡ.

ಇಲ್ಲಿ ನಾನು ನಿಲ್ಲಬೇಕಾಗಿದೆ. ಈ ಕಥೆಯನ್ನು ಮಕ್ಕಳಿಗೆ, ನೆಂಟರಿಗೆ ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ನಾನು ಹಿಂದೆಮುಂದೆ ನೋಡದೆ "ಮೀನು ಇರಲಿ, ಅತ್ತೆಗೆ ಬೇಕು" ಎಂದದ್ದಾಗಿ ಹೇಳಿದ್ದೇನೆ. ಹೇಳುವಾಗ ಸುಳ್ಳೆನಿಸಿರಲಿಲ್ಲ. ನನ್ನ ದನಿಯೂ ಕಿವಿಯಲ್ಲಿ ಕೇಳಿಸುವಂತಿದೆ. ದಿನಚರಿಯಲ್ಲಿ ಆ ಗುರುವಾರದ ಕೆಳಗೆ ಇರುವುದು ಇಷ್ಟು: "ಕಲ್ಲು ಇರಲಿ ಅಂದೆ. ಐದು ತಿಂಗಳ ಮಾತು. ಅತ್ತೆ ಕೇಳಿಸಿಕೊಂಡರು."

ನಾನು ಉಳಿದ ನೀರನ್ನೆಲ್ಲ ನಡುಮನೆಯ ತೊಟ್ಟಿಗೆ ಸುರಿದು ಕಲ್ಲನ್ನು ಇಳಿಸುತ್ತಿದ್ದಾಗ, ಅತ್ತೆ ಮೀನಿನ ಬಕೆಟ್ಟಿನ ಪಕ್ಕ ಕೂತಿದ್ದರು. ಬಕೆಟ್ಟಿನಲ್ಲಿದ್ದದ್ದು ಒಂದು ಗೇಣಿನಷ್ಟೂ ಆಳವಿಲ್ಲದ ಹಳೆಯ ನೀರು. ಏಪ್ರಿಲಿನ ಸೆಕೆಯಲ್ಲಿ ಅದು ಸೋಮವಾರದವರೆಗೆ ತಡೆಯುವಂತಿರಲಿಲ್ಲ.

"ಉಪ್ಪುನೀರೇ ಅಲ್ದಾ ಇದು?" ಅತ್ತೆ ಕೇಳಿದರು.

"ಹೌದು ಅತ್ತೆ. ಆದ್ರೆ ಎಷ್ಟು ಉಪ್ಪು ಹೇಳಿ ಅಳೆಯೋ ಉಪಕರಣ ಇಲ್ಲೆ."

ಅವರು ಒಮ್ಮೆ ಹೊರಬಾಗಿಲ ಕಡೆ ನೋಡಿದರು. ಆಮೇಲೆ ಬಕೆಟ್ಟಿನ ನೀರಿಗೆ ಬೆರಳು ಅದ್ದಿ ನಾಲಿಗೆಯ ತುದಿಗೆ ಇಟ್ಟುಕೊಂಡರು. ಮಡಿಯುಟ್ಟು ಅಡುಗೆ ಮಾಡುವ ಹೆಂಗಸು, ಮೀನು ಈಜಿದ ನೀರು!

"ಮಿಡಿಗೆ ಹಾಕೋ ನೀರಿಗಿಂತ ಎಷ್ಟೋ ಸಪ್ಪೆ" ಎಂದು ಎದ್ದು, ಬಚ್ಚಲಿಗೆ ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿ ಬಂದರು. "ಉಪ್ಪಿನ ಕೆಲಸ ಎಂಗೆ ಬಿಡು. ಯಾರ ಹತ್ರಾನೂ ಹೇಳಡ."

ನಲವತ್ತು ವರ್ಷ ಮಾವಿನಮಿಡಿ ಹಾಕಿದ ಕೈ ಅದು. ಕಲ್ಲುಪ್ಪು ಕರಗಿಸಿದರು, ನೆಕ್ಕಿ ನೋಡಿದರು, ನೀರು ಬೆರೆಸಿದರು, ಮತ್ತೆ ನೆಕ್ಕಿದರು. ನಾನೂ ಬಕೆಟ್ಟಿನ ನೀರನ್ನೊಮ್ಮೆ, ಅತ್ತೆಯ ನೀರನ್ನೊಮ್ಮೆ ನಾಲಿಗೆಗೆ ಹಚ್ಚಿ ನೋಡಿದೆ, ವ್ಯತ್ಯಾಸ ಗೊತ್ತಾಗಲಿಲ್ಲ. ಸಮುದ್ರದ ನೀರೆಂದರೆ ಉಪ್ಪೊಂದೇ ಅಲ್ಲ ಎಂದು ಓದಿದವಳು ನಾನು. ಆದರೂ ನಾಲ್ಕು ದಿನಕ್ಕೆ ಇದು ಸಾಕಾದೀತು ಎಂದುಕೊಂಡು ಮಲಗಿದೆ.

ಶುಕ್ರವಾರ ಬೆಳಿಗ್ಗೆ ನಾನು ಕಡಲ ಹೂವಿನ ಮುಂದೆ ಪುಸ್ತಕ ಹಿಡಿದು ಕೂತಿದ್ದೆ. ಪ್ರಯಾಣದ ದಣಿವಿಗೆ ಅದು ಮುದುಡಿ ಅಡಕೆಯಷ್ಟಾಗಿತ್ತು. ಅಡುಗೆಮನೆಯಿಂದ ಅತ್ತೆಯ ಕೂಗು ಕೇಳಿತು. "ಕೂಸೇ, ಬಾರೇ ಇಲ್ಲಿ! ಬಾಯಿ ಬಾಯಿ ಬಿಡ್ತಾ ಇದ್ದು!"

ಅಡುಗೆಮನೆಯ ನೆಲದ ಮೇಲೆ ಮೀನಿನ ತೊಟ್ಟಿ, ಅದರಲ್ಲಿ ತಿಳಿಯಾದ ಹೊಸ ನೀರು. ಮೂರೂ ಮೀನು ಮೇಲಕ್ಕೆ ಬಂದು ನೀರಿನಿಂದ ಮೂತಿ ಹೊರಹಾಕಿ ಬಾಯಿ ಪಟಪಟ ಎನ್ನಿಸುತ್ತಿದ್ದವು. ಒಂದು ಪಕ್ಕಕ್ಕೆ ವಾಲುತ್ತಿತ್ತು.

"ಉಪ್ಪು ಹೆಚ್ಚಾತನೇ? ಕಡಿಮೆ ಆತಾ?"

ನಾನೂ ಮೊದಲು ಹಾಗೇ ಎಣಿಸಿದೆ. ಬೆರಳು ಅದ್ದಿ ನೆಕ್ಕಿದೆ, ಉಪ್ಪು ಸರಿಯಾಗಿಯೇ ಇತ್ತು. ಆಗ ಒಲೆಯ ಪಕ್ಕದಲ್ಲಿ ಬೋರಲು ಹಾಕಿದ್ದ ದೊಡ್ಡ ಪಾತ್ರೆ ಕಣ್ಣಿಗೆ ಬಿತ್ತು.

"ನೀರು ಕುದಿಸಿದ್ದಾ ಅತ್ತೆ?"

"ಕುದಿಸದೇ? ಮೂರು ಉಕ್ಕು ಬರಿಸಿ, ರಾತ್ರಿಯೆಲ್ಲ ಆರಿಸಿ, ಸೋಸಿ ನಾನೇ ಹಾಕಿದ್ದಿ. ಕುದಿಸದಿದ್ರೆ ಹುಳ ಆಗ್ತಿಲ್ಯಾ?"

ಮಿಡಿ ಹಾಕುವವರ ನಿಯಮ ಅದು. ಉಪ್ಪುನೀರು ಕುದಿದು ಆರಬೇಕು, ಇಲ್ಲದಿದ್ದರೆ ವರ್ಷದ ಉಪ್ಪಿನಕಾಯಿ ಕೆಡುತ್ತದೆ. ಕುದಿಸಿದ ನೀರಿನಲ್ಲಿ ಗಾಳಿ ಉಳಿಯುವುದಿಲ್ಲ. ಮೀನುಗಳು ಉಪ್ಪಿಗಲ್ಲ, ಉಸಿರಿಗೆ ಒದ್ದಾಡುತ್ತಿದ್ದವು. ಆ ನಿಯಮ ನನಗೂ ಗೊತ್ತಿತ್ತು, ನಾನೂ ಮಿಡಿ ಹಾಕುವ ಮನೆಯಲ್ಲೇ ಹುಟ್ಟಿದವಳು. ನಾನು ಹಿಂದಿನ ಸಂಜೆ ಒಂದು ಮಾತು ಕೇಳಬಹುದಿತ್ತು. ಕಲ್ಲಿನ ಮುಂದೆ ಕೂತಿದ್ದೆ, ಕೇಳಲಿಲ್ಲ.

ಚೊಂಬು ತೆಗೆದುಕೊಂಡು ತೊಟ್ಟಿಯ ನೀರನ್ನೇ ಮೊಗೆದು, ಕಾಫಿ ಆರಿಸುವವರ ಹಾಗೆ ಕೈಯೆತ್ತಿ ಮೇಲಿನಿಂದ ಸುರಿದೆ. ಗಂಡ ಇನ್ನೊಂದು ಚೊಂಬು ಹಿಡಿದರು. ಸದ್ದು ಕೇಳಿ ಹಿತ್ತಿಲ ಬಾಗಿಲಿಗೆ ಬಂದ ಗೌಡರು ಏನು ಎತ್ತ ಎಂದು ವಿಚಾರಿಸದೆ ಪಂಚೆ ಎತ್ತಿಕಟ್ಟಿ, "ಸರೀರಿ, ನಿಮ್ ಕೈ ಸೋತಿದೆ" ಎಂದು ನನ್ನ ಚೊಂಬನ್ನು ಕಿತ್ತುಕೊಂಡರು. ಅಡುಗೆಮನೆಯ ನೆಲವೆಲ್ಲ ಉಪ್ಪುನೀರು. ಅತ್ತೆ ನೋಯುವ ಮಂಡಿಯೂರಿ ಕೂತು ಗಾಜಿನ ಮೇಲೆ ಉಗುರಿನಿಂದ ಟಕ್ ಟಕ್ ಎನ್ನಿಸುತ್ತಲೇ ಇದ್ದರು. ಎಷ್ಟು ಹೊತ್ತು ಸುರಿದೆವೋ ಬರೆದಿಲ್ಲ. ವಾಲಿದ್ದ ಮೀನು ಮೊದಲು ನೆಟ್ಟಗಾಯಿತು. ಆಮೇಲೆ ಒಂದೊಂದಾಗಿ ಕೆಳಗಿಳಿದು ಉಗುರಿನ ಸದ್ದಿನ ಕಡೆಗೆ ಬಂದವು.

"ಬದುಕಿದ್ವು ಕಣಮ್ಮ" ಎಂದರು ಗೌಡರು. "ನಮ್ಮನೇಲಾಗಿದ್ರೆ ಇಷ್ಟೊತ್ತಿಗೆ ಕುದ್ದ ನೀರಿಗೆ ಹುಳಿ ಖಾರಾನೂ ಬಿದ್ದಿರೋದು."

ಅತ್ತೆ ನಕ್ಕರು. ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆ ಮೂರು ದಿನ ಅಡುಗೆಮನೆಯಲ್ಲಿ ಯಾರು ಓಡಾಡಿದರೂ ನಾಲ್ಕು ಚೊಂಬು ಸುರಿದೇ ಮುಂದೆ ಹೋಗಬೇಕು ಎಂದಾಯಿತು. ಅದರ ನಡುವೆ ಯಾವಾಗಲೋ ಅತ್ತೆ ಒಂದು ಮಾತು ಕೇಳಿದರು. ದಿನಚರಿಯಲ್ಲಿ ಅದು ಇಲ್ಲ. ಬಹುಶಃ ಸಾಗರದಲ್ಲಿಯೇ ಎಂದೋ ಕೇಳಿದ್ದನ್ನು ನಾನು ಇಲ್ಲಿಗೆ ತಂದು ಜೋಡಿಸಿಕೊಂಡಿರಬಹುದು. ಆದರೆ ಕೇಳಿದ್ದಂತೂ ನಿಜ, ಆ ಮಾತನ್ನು ಕಟ್ಟುವ ಶಕ್ತಿ ನನಗಿಲ್ಲ. ಸವಾಲಿನ ದನಿಯಲ್ಲ, ತಿಳಿದುಕೊಳ್ಳಬೇಕೆಂಬ ದನಿ.

"ನಿನ್ನ ಕಲ್ಲಿಗೆ ನೀನು ಹೇಳಿ ಗೊತ್ತಾಗ್ತಾ?"

"ಇಲ್ಲೆ ಅತ್ತೆ, ಅದಕ್ಕೆ ಎನ್ನ ಗುರುತು ಸಿಕ್ತಿಲ್ಲೆ" ಎಂದೆ. ವಿಜ್ಞಾನ ಓದಿದವಳು ಬೇರೆ ಏನು ಹೇಳಲಿ?

"ಪಾಪ" ಎಂದರು. ಕಲ್ಲಿಗೋ ನನಗೋ ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಕಡಲ ಹೂ ಪೂರ್ತಿ ಅರಳಿತ್ತು, ತೀರ್ಥಹಳ್ಳಿಗೆ ಬಂದಮೇಲೆ ಮೊದಲ ಸಲ. ಎಸಳಿನ ತುದಿಗಳಲ್ಲಿ ಸಾಗರದಲ್ಲಿ ಕಾಣದ ಒಂದು ತಿಳಿ ನೇರಳೆ. ಅದನ್ನು ಬರೆದೆ. ಆಮೇಲೆ ಅತ್ತೆಗೆ ಅವರ ತಾಯಿ ಕೊಟ್ಟಿದ್ದ ಭರಣಿಗೆ ತೊಟ್ಟಿಯ ನೀರು ತುಂಬಿ ಕಲ್ಲನ್ನು ಇಳಿಸಿದೆ. ಅತ್ತೆ ಬಂದು ನೋಡಿ ನನ್ನ ಕೈ ಹಿಡಿದರು.

"ಎಂತ ಮಾಡ್ತಾ ಇದ್ದೆ? ಮೀನು ಅಲ್ದನೇ ಹೋಪದು?"

"ಕುಡಿಕೆ ಕಟ್ಟಲೆ ಮೀನಿನ ತೊಟ್ಟಿ ಒಳಗೆ ತರಕು ಅತ್ತೆ. ಅಡುಗೆಮನೆ ಹೊಗೆ ಅವಕ್ಕೆ ಆಗ್ತಿಲ್ಲೆ."

"ನಿನ್ನ ಬರವಣಿಗೆ?"

ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ, ಬರೆದೂ ಇಲ್ಲ. ಏನಾದರೂ ದೊಡ್ಡ ಮಾತು ಆಡಿದ್ದರೆ ಖಂಡಿತ ಬರೆದಿರುತ್ತಿದ್ದೆ.

ಬಸ್ಸಿನ ಹತ್ತಿರ ಕಂಡಕ್ಟರಿಗೆ ಮೂರು ಸಲ ಹೇಳಿದೆ: ಕಡಲಿನ ಇಳಿತದಲ್ಲೂ ನೀರು ನಿಲ್ಲುವ ಬಂಡೆಯ ಸಂದಿಯಲ್ಲಿ ಇಡಬೇಕು, ಬಿಸಾಡಬಾರದು. ಬುಧವಾರ ಅದೇ ಭರಣಿಯಲ್ಲಿ ಹೊಸ ನೀರು ತಂದುಕೊಡುತ್ತ, "ನೆರಳಿರೋ ಕಡೆ ಇಟ್ಟೀನಿ ಅಮ್ಮ, ಅಲೆ ಬಡಿಯಲ್ಲ" ಎಂದರು. ನೆರಳಿನ ಮಾತನ್ನು ನಾನು ಹೇಳಿರಲಿಲ್ಲ. ಅದಕ್ಕೇ ನಂಬಿದೆ. ಭರಣಿ ಒಡೆಯದೆ ಬಂದದ್ದು ಅತ್ತೆಗೆ ಸಮಾಧಾನ.

ಅಧ್ಯಾಪಕರಿಗೆ ಕಾಗದ ಬರೆದೆ, ಅವರು ಉತ್ತರ ಬರೆಯಲಿಲ್ಲ. ಸ್ವಲ್ಪ ದಿನ ಬೆಳಿಗ್ಗೆ ಪುಸ್ತಕ ಕೈಗೆತ್ತಿಕೊಂಡು ಸುಮ್ಮನೆ ಕೆಳಗಿಡುತ್ತಿದ್ದೆ. ಖಾಲಿ ಪುಟಗಳು ಹಾಗೇ ಇವೆ, ಒಂಬತ್ತು. ಹತ್ತನೆಯ ದಿನ ಅತ್ತೆ ತೊಟ್ಟಿಯ ಮುಂದಿನ ಮಣೆಯಿಂದ ಕೊಂಚ ಸರಿದು ನನಗೂ ಜಾಗ ಮಾಡಿದರು. "ಇವುನ್ನೂ ಬರೆಯಲೆ ಆಗ್ತು ಅಲ್ದಾ? ನಾ ಹೇಳ್ತಿ, ನೀ ಬರೆ."

ಅಲ್ಲಿಂದ ಮುಂದೆ ದಿನಚರಿಯಲ್ಲಿ ಅತ್ತೆಯ ಮಾತುಗಳು ನನ್ನ ಅಕ್ಷರದಲ್ಲಿವೆ. ಯಾವ ವಿಜ್ಞಾನಕ್ಕೂ ಒದಗದವು. ಇದನ್ನು ಬರೆಯಲು ಪುಸ್ತಕ ತೆಗೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಹೀಗಿದೆ: "ದೊಡ್ಡ ಮೀನಿಗೆ ಇವತ್ತು ಸಿಟ್ಟು. ಕರೆದರೂ ಬರಲಿಲ್ಲ. ನೀರು ಸರಿ ಇದೆ, ನೆಕ್ಕಿ ನೋಡಿದ್ದಾಗಿದೆ."