ಕೈಯಾಗ ತೂಗಿ ಆರಿಸಿದ ರೆಗ್ಯುಲೇಟರ್

ಮದುವಿಯಾಗಿ ಏಳು ವರ್ಷಕ್ಕ ನಮ್ಮ ಸೊಸಿ ಹೆತ್ತಳು. ಹೆಣ್ಣು ಕೂಸು. ಫೋನ್ ಬಂದ ದಿನ ಓಣಿ ತುಂಬ ತಿರುಗಿ ಸುದ್ದಿ ಹೇಳಿದೆ. ಒಲಿ ಮ್ಯಾಲಿನ ಹಾಲು ಉಕ್ಕಿ ಹೋದದ್ದೂ ಗೊತ್ತಾಗ್ಲಿಲ್ಲ. ಈಗ ಬರಿಯಾಕ ಕುಂತ್ರೂ ಅದ ಕಥಿ. ಕೂಸಿನ ಮಾರಿ ಮುಂದ ಬರ್ತದ, ಗಾಡಿ ಮಾತು ಹಿಂದ ಬೀಳ್ತದ. ಆದ್ರ ಗಾಡಿ ಮಾತೇ ಹೇಳಬೇಕು. ತಪ್ಪು ಅಲ್ಲೇ ಆತು.

ನಮ್ಮದು ದೇವದುರ್ಗದ ಹತ್ರ ಊರು, ಕುರಿ ಕಾಯೋ ಮನೆತನ. ನಮ್ಮಲ್ಲಿ ಕೂಸಿನ್ನ ಮೊದಲ ಸಲ ತೊಟ್ಟಿಲಿಗಿ ಹಾಕೋದು ಅದರ ಅಪ್ಪನ ತಾಯಿ ನೂತ ಕಂಬಳಿ ಮ್ಯಾಲ. ನನ್ನ ಮಗನಿಗಿ ನಮ್ಮತ್ತಿ ನೂತಿದ್ರು. ಮೊಮ್ಮಗಳಿಗಿ ನಾ ನೂತೆ, ಮರಿಗಳ ಮೊದಲ ಕತ್ತರಿಯ ಮೆತ್ತನ ಉಣ್ಣಿ ತಗೊಂಡು. ಮನಿಯವರು ನೇಯ್ದರು. ಒಮ್ಮೆ ಬ್ಯಾರೆ ಬಟ್ಟಿ ಮ್ಯಾಲ ಮಲಗಿಸಿದ್ರ ಮುಗೀತು, ಮೊದಲ ಸಲ ಅನ್ನೋದು ತಿರುಗಿ ಬರಂಗಿಲ್ಲ.

ತೊಟ್ಟಿಲ ಕಾರ್ಯ ಸೊಸಿ ತವರೂರು ಕಲ್ಲೂರಾಗ, ಮಧ್ಯಾಹ್ನ ಹನ್ನೆರಡು ಗಂಟಿ ಒಳಗ. ಹಿಂದಿನ ದಿನ ನಮ್ಮ ಮೋಟರ್ ಸೈಕಲ್ ಗಾಡಿ ಲೈಟಿನ ಬಲ್ಬು ಎರಡು ಸಲ ಸುಟ್ಟಿತು, ಬ್ಯಾಟರಿ ನೀರು ಕುದ್ದು ಹೊರಗ ಬಂತು. ದೇವದುರ್ಗದ ಮಿಸ್ತ್ರಿ ಮೀಟರ್ ಹಚ್ಚಿ ನೋಡಿ, "ರೆಗ್ಯುಲೇಟರ್ ಹೋಗ್ಯದ, ಕರೆಂಟಿಗಿ ಲಗಾಮು ಇಲ್ಲ. ಈ ಹಳೀ ಗಾಡಿ ಸಾಮಾನು ಇಲ್ಲಿ ಸಿಗಂಗಿಲ್ಲ, ರಾಯಚೂರಿಗಿ ಹೋಗ್ರಿ" ಅಂದ.

"ಗಾಡಿ ಇಲ್ಲೇ ಬಿಟ್ಟು ನಾಳಿ ಬಸ್ಸಿಗಿ ಹೋಗೂಣು" ಅಂದ್ರು ಮನಿಯವರು.

"ಮೊಮ್ಮಗಳ ಕಾರ್ಯಕ್ಕ ಬಸ್ಸಿನ್ಯಾಗ ನಿಂತು ಹೋಗ್ಲೇನು? ಬೀಗರ ಬಾಗಿಲಿಗಿ ಗಾಡಿ ಮ್ಯಾಲೇ ಇಳೀಬೇಕು" ಅಂದಾಕಿ ನಾನ.

ಮರುದಿನ ಬೆಳಕು ಹರಿಯೂದಕ್ಕ ಹೊಂಟು, ಸಾವಕಾಶ ಓಡಿಸಿಕೊಂತ ರಾಯಚೂರು ಮುಟ್ಟಿದ್ವಿ. ಕಂಬಳಿ ನನ್ನ ತೊಡಿ ಮ್ಯಾಲ. ಅಂಗಡಿ ಮಿಸ್ತ್ರಿ ಹಳೀ ರೆಗ್ಯುಲೇಟರ್ ಬಿಚ್ಚಿದ. "ಇದು ಈಗ ಬರೂದು ಬಂದ್ ಆಗ್ಯದ, ಯವ್ವಾ" ಅಂತ ಬ್ಯಾರೆ ಗಾಡಿವು ಎರಡು ತಂದು ಮುಂದ ಇಟ್ಟ. ಒಂದು ಸಣ್ಣದು, ಹಗರ. ಇನ್ನೊಂದು ದಪ್ಪ. ಎರಡರ ಪ್ಲಗ್ಗೂ ನಮ್ಮ ಗಾಡಿಗಿ ಕೂಡ್ತಿದ್ವು.

ನಾ ಎರಡೂ ಅಂಗೈಯಾಗ ತೂಗಿ ನೋಡಿದೆ. ಟಗರು ಕೊಳ್ಳೋವಾಗ ಬೆನ್ನಿಗಿ ಕೈ ಹಾಕ್ತೀವಿ, ಮರಿ ಎತ್ತಿ ತೂಕ ನೋಡ್ತೀವಿ. ಭಾರ ಇದ್ದದ್ದು ಬದುಕ್ತದ. "ಇದ ಹಾಕು ತಮ್ಮಾ" ಅಂತ ದಪ್ಪಂದು ಕೊಟ್ಟೆ.

ಮಿಸ್ತ್ರಿ ನಕ್ಕ. "ಕುರಿ ಸಂತಿ ಅಲ್ಲ ಇದು. ಪ್ಲಗ್ ಕೂಡಿದ್ರ ಆಗ್ಲಿಲ್ಲ, ಒಳಗಿನ ವೈರಿನ ಸಾಲು ಕೂಡಬೇಕು. ನನಗೇನೋ ಹಗರದ್ದೇ ನಿಮ್ಮ ಗಾಡಿಗಿ ಹತ್ರ ಅನಸ್ತದ. ಯಾವುದೇ ಹಾಕಿದ್ರೂ ಒಂದು ತಾಸು ಬಿಡ್ರಿ. ಕಾಯಿಸಿ, ರೇಸ್ ಮಾಡಿ, ಮೀಟರ್ ನೋಡಿ ಕೊಡ್ತೀನಿ."

"ಒಂದು ತಾಸಿಗಿ ನನ್ನ ಮೊಮ್ಮಗಳು ದೊಡ್ಡಾಕಿ ಆಗ್ತಾಳ!"

"ಲೇ, ಅವ ಕಲಿತಂವ ಹೇಳಾಕತ್ತಾನ, ಕೇಳು" ಅಂದ್ರು ಮನಿಯವರು.

"ನೀವು ಹಗರದ್ದು ಆರಿಸಿ ತಂದ ಹೋತ ನಾಕು ದಿನ ಬಾಳ್ಲಿಲ್ಲ. ಸುಮ್ನಿರ್ರಿ" ಅಂದೆ. ಮಿಸ್ತ್ರಿ ಸೋತು, ಒಂದು ತಾಸು ನೋಡದ ದಪ್ಪಂದೇ ಕೂಡಿಸಿದ.

ಗಾಡಿ ಸುರು ಆತು. ಹಾರ್ನ್ ಹೊಸ ಗಾಡಿದರಂಗ ಕೂಗಿತು. ನಿಂತಲ್ಲಿ ಮೀಟರ್ ಸರಿನೇ ತೋರಿಸ್ತು. "ನೋಡಿದ್ರಿಲ್ಲ?" ಅಂತ ಏರಿ ಕುಂತೆ. ದಾರಿ ತುಂಬ ಅವರ ಬೆನ್ನಿಗಿ ಕೂಸಿನ ಮಾತೇ ಹೇಳಿದೆ: ಮೂಗು ನಮ್ಮತ್ತಿದು, ಹಣಿ ನಂದು, ಸಿಟ್ಟು ಅವರದು. ಅರ್ಧ ದಾರಿನೂ ಆಗಿರ್ಲಿಲ್ಲ, ಸುಟ್ಟ ವಾಸನಿ ಬಂತು. ಸೀಟಿನ ಕೆಳಗಿಂದ ಹೊಗಿ. ಇಳಿದು ಸೀಟು ಎತ್ತೂದ್ರಾಗ ವೈರೆಲ್ಲ ಕರಗಿ ಒಂದಕ್ಕೊಂದು ಅಂಟಿದ್ವು. ಗಾಡಿ ಸತ್ತು ನಿಂತಿತು.

ಹೊಲದ ನಡುವ ರಸ್ತಾ. ಒಂದು ಬಸ್ಸು ಕೈ ಮಾಡಿದ್ರೂ ನಿಲ್ಲದ ಹೋತು. ಟಂಟಂ ಆಟೋ ಬಂತು, ಮಂದಿ ಹೊರಗ ಜೋತಾಡ್ತಿದ್ರು. ಮನಿಯವರು ಕರಗಿದ ವೈರು ಬಿಡಿಸಾಕ ನೋಡಿದ್ರು. ನನಗ ಬೈದಿದ್ರ ಚಲೋ ಇತ್ತು.

ಮಗನ ಫೋನ್ ಬಂತು. "ಯವ್ವಾ, ಎಲ್ಲಿದೀರಿ? ಹನ್ನೆರಡಾಗಾಕ ಬಂತು. ಸ್ವಾಮಿಗಳು ಹೊತ್ತು ಮೀರಬಾರದು ಅನ್ನಾಕತ್ತಾರ. ಗಾಡಿ ಕೈ ಕೊಟ್ಟಿತೇನು? ನಾ ಬಂದು ಕರಕೊಂಡು ಹೋಗ್ಲೇನು?"

ಅಂವ ಬಂದು ಮುಟ್ಟೂದ್ರಾಗ ಹೊತ್ತು ಮೀರ್ತಿತ್ತು. ಫೋನಿನ್ಯಾಗ ಹಿಂದ ಕೂಸು ಅಳೂದು ಕೇಳಸ್ತು. ನಾ ಕಂಬಳಿ ಗಂಟು ಗಟ್ಟಿ ಹಿಡಕೊಂಡೆ.

"ತೊಟ್ಟಿಲಿಗಿ ಹಾಕಿಬಿಡ್ರಪ್ಪಾ" ಅಂದೆ.

"ಕಂಬಳಿ?"

"ಹಾಕಿಬಿಡ್ರಿ. ಕೂಸಿನ ಅಳಿಸಬ್ಯಾಡ್ರಿ."

ಬ್ಯಾರೆ ಟಂಟಂ ಹಿಡಿದು ಹೋಗೂದ್ರಾಗ ಮಂದಿ ಊಟಕ್ಕ ಕುಂತಿದ್ರು. ತೊಟ್ಟಿಲದಾಗ ಕೆಂಪು ಮಖಮಲ್ಲಿನ ಹಾಸಿಗಿ, ಅದರ ಮ್ಯಾಲ ನನ್ನ ಮೊಮ್ಮಗಳು ಮುಷ್ಟಿ ಕಟ್ಟಿ ಮಲಗಿದ್ಲು. ಮೂಗು ನಮ್ಮತ್ತಿದಲ್ಲ, ಯಾರದೂ ಅಲ್ಲ, ಆಕಿದೇ. ಅಳಬೇಕೋ ನಗಬೇಕೋ ತಿಳೀಲಿಲ್ಲ.

ಬೀಗತಿ ಒಳ್ಳೆಯಾಕಿ. "ಈಗರೇ ಕಂಬಳಿ ಹಾಸ್ರಿ, ಎತ್ತಿ ಕೊಡ್ತೀನಿ" ಅಂತ ಕೈ ಚಾಚಿದ್ಲು.

"ಬ್ಯಾಡ ತಂಗಿ" ಅಂದೆ. ಹಾಸಿದ್ರ ಅದು ಬರೇ ಒಂದು ಕಂಬಳಿ ಆಗ್ತಿತ್ತು. ಅದಕ್ಕಾಗಿ ಮಲಗಿದ ಕೂಸಿನ್ನ ಎಬ್ಬಿಸಾಕ ಮನಸು ಬರ್ಲಿಲ್ಲ. ತೊಟ್ಟಿಲ ಹಗ್ಗ ಹಿಡಿದು, ಊಟಕ್ಕ ಕರೆದ್ರೂ ಏಳದ, ತೂಗಿಕೊಂತ ಕುಂತೆ.