ಹಗ್ಗದಾಚೆಯ ಜನ

ಬಾಯಿ ತೆರೆಸುವುದು, ಕೆಲಸವಾದ ಮೇಲೆ ಮುಚ್ಚಿಸುವುದು, ಇಷ್ಟೇ ತನ್ನ ಕಸುಬು ಎನ್ನುತ್ತಿದ್ದ ಹಲ್ಲಿನ ಡಾಕ್ಟರಿಗೆ ವಿಮಾನ ನೋಡಲು ಬರುವವರ ಬಾಯಿಯನ್ನು ಮಾತ್ರ ಮುಚ್ಚಿಸಲು ಕೊನೆಯವರೆಗೂ ಸಾಧ್ಯವಾಗಲಿಲ್ಲ.

ವಿಮಾನದಲ್ಲಿ ಅರ್ಧ ಪಾಲು ಅವರದು, ಇನ್ನರ್ಧ ಅವರ ಷಡ್ಡಕನದು. ಷಡ್ಡಕನದು ನಲ್ಲಿ, ಪೈಪುಗಳ ಅಂಗಡಿ; ಅವನಿಗೆ ವಿಮಾನ ಹಾರಿಸಲು ಬಾರದು, ಕಲಿಯುವ ಆಸೆಯೂ ಇಲ್ಲ. "ಆಸ್ತಿ ಮಾಡೋ ವಯಸ್ಸಲ್ಲಿ ಇಬ್ಬರೂ ಸೇರಿ ಗುಜರಿ ಮಾಡ್ಕೊಂಡ್ರು" ಎಂದು ಅವರ ಹೆಂಡತಿಯರಾದ ಅಕ್ಕತಂಗಿಯರಿಬ್ಬರೂ ನಕ್ಕಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ಮೇಲೊಂದು ಕೆಳಗೊಂದು ರೆಕ್ಕೆಯ, ಹಿಂದೆಮುಂದೆ ಎರಡು ಆಸನಗಳ ಆ ವಿಮಾನ ಒಂದು ಕಾಲದಲ್ಲಿ ಪೈಲಟ್ಟುಗಳಿಗೆ ಪಾಠ ಹೇಳುತ್ತಿತ್ತಂತೆ. ಇವರ ಕೈಗೆ ಬಂದಾಗ ಅದು ಲಾರಿಯ ತುಂಬ ಬಿಡಿಭಾಗ. ಚೌಕಟ್ಟಿಗೆ ಬಟ್ಟೆ ಬಿಗಿದು, ಎಂಜಿನ್ ಕೂಡಿಸಿ, ಪರವಾನಗಿ ಪಡೆಯುವಷ್ಟರಲ್ಲಿ ಡಾಕ್ಟರ ತಲೆ ಬೆಳ್ಳಗಾಗಿತ್ತು.

ಅದು ಹಾರತೊಡಗಿದ ಮೇಲೆ ಜನ ಬರತೊಡಗಿದರು. ಊರಾಚೆಯ ಸಣ್ಣ ವಿಮಾನ ಮೈದಾನದ ಅಂಚಿನಲ್ಲಿ, ತಗಡಿನ ಶೆಡ್ಡಿನೊಳಗೆ, ವಿಮಾನದ ಸುತ್ತ ಡಾಕ್ಟರು ಹಗ್ಗ ಕಟ್ಟಿದರು. ಜನ ಹಗ್ಗದ ಮೇಲಿಂದ ಕೈ ಚಾಚಿದರು. "ಇದು ಇನ್ನೂ ಹಾರುತ್ತಾ?" "ಬಟ್ಟೆನಾ? ನಿಜವಾಗ್ಲೂ ಬಟ್ಟೆನಾ?" ಎನ್ನುತ್ತ ರೆಕ್ಕೆಯನ್ನು ಬೆರಳಿನಿಂದ ಒತ್ತಿ ನೋಡುವರು. ಕೆಲವರು ಓದಿಕೊಂಡೇ ಬಂದಿರುವರು. ಬಾಲದ ಬಣ್ಣ ಅಸಲಿಗಿಂತ ಒಂದು ಛಾಯೆ ಗಾಢವಾಯಿತೆಂದು, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಧಾಟಿಯಲ್ಲಿ ತಿಳಿಸಿ ಹೋಗುವರು. ಷಡ್ಡಕನಿಗೆ ಇವರೆಲ್ಲ ತನ್ನ ಮನೆಯ ನೆಂಟರಿದ್ದಂತೆ. ಡಾಕ್ಟರು ದಣಿದಿದ್ದರು. ಪ್ರಶ್ನೆಗಳಿಂದ ಆದ ದಣಿವಲ್ಲ ಅದು; ಅದೇ ಪ್ರಶ್ನೆಯನ್ನು ಪ್ರತಿ ಭಾನುವಾರವೂ ಮೊದಲ ಬಾರಿಗೆ ಕೇಳಿಸಿಕೊಂಡವರಂತೆ ಮುಖ ಮಾಡಬೇಕಿತ್ತಲ್ಲ, ಅದರ ದಣಿವು.

ಹಾಗೆ ಬರುವವರಲ್ಲಿ ಎಲ್ಲರಿಗಿಂತ ಹಳಬ ದುರ್ಬೀನು. ಕೊರಳಲ್ಲಿ ಸದಾ ದುರ್ಬೀನು ತೂಗುತ್ತಿದ್ದುದರಿಂದ ಷಡ್ಡಕ ಇಟ್ಟ ಹೆಸರು ಅದು. ದೊಡ್ಡಾಸ್ಪತ್ರೆಯೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದ ಆತ ಎರಡು ಬಸ್ಸು ಬದಲಿಸಿ ಬರುತ್ತಿದ್ದ, ಕೇಳದಿದ್ದರೂ ಶೆಡ್ಡು ಗುಡಿಸುತ್ತಿದ್ದ. ಒಮ್ಮೆ ಮುಂದಿನ ಆಸನದಲ್ಲಿ ಕೂತು ಒಂದು ಸುತ್ತು ಬರುವಂತೆ ಡಾಕ್ಟರು ಕರೆದಾಗ ಕೈಮುಗಿದುಬಿಟ್ಟಿದ್ದ. "ವಾರವೆಲ್ಲ ಮೇಲೆ ಹೋಗಿ ಕೆಳಗೆ ಬರೋದೇ ನನ್ನ ಡ್ಯೂಟಿ ಡಾಕ್ಟ್ರೇ. ರಜಾ ದಿನಾನೂ ಮೇಲೆ ಕಳಿಸ್ತೀರಾ? ನಾನು ಕೆಳಗೆ ನಿಂತು ನೋಡೋನು."

ಪೈಲಟ್ಟಾಗಿ ಡಾಕ್ಟರು ಪಡೆದಿದ್ದ ವೈದ್ಯಕೀಯ ಪ್ರಮಾಣಪತ್ರದ ಅವಧಿ ಮುಗಿಯುವ ದಿನ ಬಂತು. ಅದಿಲ್ಲದೆ ವಿಮಾನ ನಡೆಸುವಂತಿಲ್ಲ. ಮತ್ತೆ ಪರೀಕ್ಷೆಗೆ ಹೋಗುವುದಿಲ್ಲವೆಂದು ಅವರಾಗಿಯೇ ತೀರ್ಮಾನಿಸಿದ್ದರು: ರೆಕ್ಕೆಯ ಮೇಲೆ ಹತ್ತುವಾಗ ಮೊಣಕಾಲು ನೋಯುತ್ತಿತ್ತು, ರೇಡಿಯೋದಲ್ಲಿ ಹೇಳಿದ್ದನ್ನು ಎರಡೆರಡು ಸಲ ಹೇಳಿಸಿಕೊಳ್ಳಬೇಕಾಗುತ್ತಿತ್ತು. ಆದ್ದರಿಂದ ಕೊನೆಯದೊಂದು ಸುತ್ತು, ಒಬ್ಬರೇ, ನೋಡುವವರ ಕಾಟವಿಲ್ಲದೆ ಹಾರಿ ಮುಗಿಸಬೇಕೆಂದುಕೊಂಡಿದ್ದರು. ಆ ದಿನ ಭಾನುವಾರವೇ ಆಗಿದ್ದುದು ಅವರ ಗ್ರಹಚಾರ. ಬೆಳಿಗ್ಗೆಯೇ ಷಡ್ಡಕನಿಗೆ ಫೋನು ಮಾಡಿ ಗೇಟು ತೆರೆಯಬೇಡವೆಂದರು.

"ಆಗಲೇ ತೆಗೆದಾಯ್ತಲ್ಲ ಅಣ್ಣ! ಬಂದವರನ್ನ ಹೋಗಿ ಅನ್ನಕ್ಕಾಗುತ್ತಾ? ಇವತ್ತು ನಿಮ್ಮದು ಕೊನೇ ಹಾರಾಟ ಅಂದ್ರೆ ಎಲ್ರೂ ಕಾಯ್ತೀವಿ ಅಂತಿದಾರೆ."

"ಅದನ್ನೂ ಹೇಳಿಬಿಟ್ಯಾ?"

"ಹೇಳದೆ ಇರಕ್ಕೆ ಅದೇನು ಗುಟ್ಟಾ?"

ಡಾಕ್ಟರು ಮನೆಯಲ್ಲೇ ಕೂತರು. ಕಾದು ಕಾದು ಸಾಕಾದ ಜನ ಊಟದ ಹೊತ್ತಿಗೆ ಕರಗಿದರು. ಷಡ್ಡಕನೂ ಊಟಕ್ಕೆ ಹೋಗಿ ಹಾಗೇ ನಿದ್ದೆಹೋದ. ಆಮೇಲೆ ಡಾಕ್ಟರು ಹೋದಾಗ ಶೆಡ್ಡಿನಲ್ಲಿದ್ದವನು ದುರ್ಬೀನು ಒಬ್ಬನೇ. ಪೊರಕೆ ಹಿಡಿದು ಮೂಲೆ ಗುಡಿಸುತ್ತಿದ್ದ.

ವಿಮಾನದ ಮುಂದೆ ಬಂದ ಡಾಕ್ಟರು ನಿಂತುಬಿಟ್ಟರು. ಪ್ರೊಪೆಲರಿನ ಒಂದು ಅಲಗು ನೆಟ್ಟಗೆ ಮೇಲಕ್ಕೆ, ಇನ್ನೊಂದು ನೆಟ್ಟಗೆ ಕೆಳಕ್ಕೆ. ಹಿಂದಿನ ವಾರ ಅವರು ಬಿಟ್ಟು ಹೋದಾಗ ಅದು ಓರೆಯಾಗಿತ್ತು.

"ಇದನ್ನ ಯಾರು ತಿರುಗಿಸಿದ್ರು?"

ಪೊರಕೆ ನಿಂತಿತು. "ನಾನೇ ಡಾಕ್ಟ್ರೇ. ಯಾರೋ ಗಂಡ ಹೆಂಡ್ತಿ ಫೋಟೋ ತೆಗೆದುಕೊಡಿ ಅಂದ್ರು. ಸೊಟ್ಟಗಿದ್ರೆ ಚೆನ್ನಾಗಿ ಬರಲ್ಲ ಅಂತ… ಸ್ವಿಚ್ ಆಫ್ ಇರೋದು ನೋಡ್ಕೊಂಡೇ ಮುಟ್ಟಿದ್ದು."

"ಯಾವ ಕಡೆಗೆ ತಿರುಗಿಸಿದ್ರಿ?"

ಆ ಎಂಜಿನ್ನಿನ ಸಿಲಿಂಡರುಗಳು ಹೂವಿನ ಎಸಳುಗಳಂತೆ ಸುತ್ತಲೂ ನಿಂತಿರುತ್ತವೆ. ನಿಂತಲ್ಲೇ ನಿಂತರೆ ಎಣ್ಣೆ ನಿಧಾನವಾಗಿ ಕೆಳಗಿನ ಸಿಲಿಂಡರುಗಳಿಗೆ ಇಳಿಯುತ್ತದೆ. ಪ್ರೊಪೆಲರನ್ನು ಅದು ಸುತ್ತುವ ದಿಕ್ಕಿಗೇ ಕೈಯಿಂದ ತಿರುಗಿಸಿದರೆ ಭಯವಿಲ್ಲ. ಎಣ್ಣೆ ಇದ್ದರೆ ಕೈಗೆ ತಡೆ ಸಿಕ್ಕಿ ಗೊತ್ತಾಗುತ್ತದೆ. ಹಿಂದಕ್ಕೆ ತಿರುಗಿಸಿದರೆ ಆ ಎಣ್ಣೆ ಗಾಳಿ ಎಳೆದುಕೊಳ್ಳುವ ಕೊಳವೆಯೊಳಗೆ ಸೇರಿ ಅವಿತುಕೊಳ್ಳಬಹುದು. ಎಂಜಿನ್ ಶುರುವಾದೊಡನೆ ಮತ್ತೆ ಒಳಗೆ ನುಗ್ಗಿ, ಒಳಗಿನ ಕಬ್ಬಿಣದ ದಂಡವನ್ನೇ ಬಗ್ಗಿಸಬಹುದು. ಬಗ್ಗಿದ ದಂಡ ನೆಲದ ಮೇಲೇ ಮುರಿದರೆ ಪುಣ್ಯ. ಅಂಥ ಸಂಶಯ ಬಂದರೆ ಕೆಳಗಿನ ಪ್ಲಗ್ಗುಗಳನ್ನೂ ಕೊಳವೆಗಳನ್ನೂ ಬಿಚ್ಚಿ ನೋಡದೆ ವಿಧಿಯಿಲ್ಲ. ಅದಕ್ಕೆ ಅಂದಿನ ಉಳಿದ ಬೆಳಕೆಲ್ಲ ಬೇಕು. ಮೈದಾನದಲ್ಲಿ ದೀಪಗಳಿಲ್ಲ, ಸಂಜೆಯಾದರೆ ಅಲ್ಲಿಂದ ಯಾರೂ ಹಾರುವಂತಿಲ್ಲ.

ಇಷ್ಟೂ ದುರ್ಬೀನಿಗೆ ಗೊತ್ತಿತ್ತು. ಸುತ್ತ ನಿಂತ ಜನಕ್ಕೆ ಇದನ್ನೆಲ್ಲ ಡಾಕ್ಟರೇ ವಿವರಿಸುವುದನ್ನು ಆತ ಎಷ್ಟೋ ಸಲ ಕೇಳಿದ್ದ. ಅಂದು ಯಾವ ದಿನವೆಂಬುದೂ ಗೊತ್ತಿತ್ತು. ಮುಂದಕ್ಕೆ ಎಂದುಬಿಟ್ಟರೆ ಮುಗಿಯಿತು.

"ಹಿಂದಕ್ಕೆ," ಎಂದ. ಡಾಕ್ಟರಿಗೆ ಕೇಳಿಸಲಿಲ್ಲವೆಂದುಕೊಂಡು ಗಟ್ಟಿಯಾಗಿ ಮತ್ತೊಮ್ಮೆ ಎಂದ, "ಹಿಂದಕ್ಕೇ ಡಾಕ್ಟ್ರೇ. ಆ ಕಡೆ ತಿರುಗಿಸಿದ್ರೆ ಹತ್ತಿರ ಅಂತ, ಯೋಚನೆ ಮಾಡದೆ."

ಬೈಯಬೇಕೆನ್ನಿಸಿತು. ಬೈಗುಳ ಹುಡುಕುವುದಕ್ಕೂ ಚೈತನ್ಯ ಬೇಕಲ್ಲ. ಡಾಕ್ಟರು ಬಾಗಿಲಾಚೆಯ ಬಿಸಿಲನ್ನು ಒಮ್ಮೆ ನೋಡಿ, ಕೋಟು ಬಿಚ್ಚಿ ಮೊಳೆಗೆ ತಗುಲಿಸಿದರು. "ಬಕೆಟ್ ತಗೊಂಬನ್ನಿ. ಆ ಸ್ಟೂಲೂ."

ಎಂಜಿನ್ನಿನ ಹೊದಿಕೆ ಕಳಚಿದರು. ಮೊದಲ ಪ್ಲಗ್ಗುಗಳು ಸಲೀಸಾಗಿ ಬಂದವು. ತೀರ ಕೆಳಗಿನದು ಕಚ್ಚಿಕೊಂಡಿತ್ತು. ಬಗ್ಗಿ, ಮೊಣಕಾಲೂರಿ, ಕೊನೆಗೆ ನೆಲದ ಮೇಲೆ ಅಂಗಾತ ಮಲಗಿ ಎಳೆದರು. ಟಾರ್ಚು ಹಿಡಿದಿದ್ದ ದುರ್ಬೀನು, "ಮೊದಲು ಇಂಜೆಕ್ಷನ್ ಕೊಡ್ಬೇಕಿತ್ತೇನೋ," ಎಂದ. ಡಾಕ್ಟರು ನಗಲಿಲ್ಲ. ಮತ್ತೊಮ್ಮೆ ಜಗ್ಗಿ, "ಇಂಜೆಕ್ಷನ್ ಬೇಕಾಗಿರೋದು ನನಗೆ," ಎಂದರು.

ಕೊನೆಯ ಕೊಳವೆ ಬಿಚ್ಚುವ ಹೊತ್ತಿಗೆ ಬಿಸಿಲು ಬಾಗಿಲಿನಿಂದ ಹಿಂದೆ ಸರಿದಿತ್ತು. ದುರ್ಬೀನು ಬಕೆಟ್ ಒಡ್ಡಿದ. ಏನೂ ಬೀಳಲಿಲ್ಲ. ಡಾಕ್ಟರು ಬೆರಳು ತೂರಿಸಿ ತೆಗೆದರು. ಒಣಗಿತ್ತು. ಎಣ್ಣೆ ಆ ಕಡೆ ತಲೆಯೇ ಹಾಕಿರಲಿಲ್ಲ.

ದುರ್ಬೀನು ಖಾಲಿ ಬಕೆಟ್ಟನ್ನು ನೆಲಕ್ಕಿಟ್ಟ. "ಮುಂದಕ್ಕೆ ಅಂದಿದ್ರೆ ಇಷ್ಟೊತ್ತಿಗೆ ನೀವು ಹಾರಿ ಬಂದಿರ್ತಿದ್ರಿ."

"ಬಂದಿರ್ತಿದ್ದೆ."

"ಎಣ್ಣೆ ಇದ್ದಿದ್ರೆ ಮಾತ್ರ…"

"ಇರ್ಲಿಲ್ಲವಲ್ಲ. ಬಿಡಿ." ಸಮಾಧಾನ ಹೇಳುವ ಶಕ್ತಿ ಡಾಕ್ಟರಲ್ಲಿ ಉಳಿದಿರಲಿಲ್ಲ, ಹೇಳಿಸಿಕೊಳ್ಳುವ ಮನಸ್ಸು ಅವನಿಗೂ ಇದ್ದಂತೆ ಕಾಣಲಿಲ್ಲ.

ಶೆಡ್ಡಿನ ಮೂಲೆಯಲ್ಲಿ, ಕ್ಲಿನಿಕ್ಕಿಗೆ ಹೊಸದು ಬಂದಾಗ ತಂದಿಟ್ಟ ರೋಗಿಗಳ ಹಳೆಯ ಕುರ್ಚಿಯಿತ್ತು. ಡಾಕ್ಟರು ಅದರಲ್ಲಿ ಒರಗಿದರು. ದುರ್ಬೀನು ಸ್ಟೂಲಿನ ಮೇಲೆ ಕೂತ. ಹೊರಗೆ ಮೈದಾನದ ಹುಲ್ಲು ಬೂದುಬಣ್ಣಕ್ಕೆ ತಿರುಗುತ್ತಿತ್ತು.

"ಮುಂದಿನ ವಾರದಿಂದ ಫ್ಲೈಯಿಂಗ್ ಸ್ಕೂಲಿನ ಮೇಡಂ ಹಾರಿಸ್ತಾರೆ. ನನ್ನ ಷಡ್ಡಕ ಮಾತಾಡಿದಾನೆ," ಎಂದರು ಡಾಕ್ಟರು. ಬಾಗಿಲಾಚೆ ನೋಡುತ್ತ ಕೇಳಿದರು, "ಎಲ್ಲಿ ನಿಂತ್ರೆ ಚೆನ್ನಾಗಿ ಕಾಣುತ್ತೆ?"

"ಏನು?"

"ವಿಮಾನ ಕಣ್ರೀ. ಇಷ್ಟು ವರ್ಷ ಒಳಗೇ ಕೂತಿದ್ದೆ. ಅದು ಹಾರೋದನ್ನ ನಾನು ಯಾವತ್ತು ನೋಡಿದೀನಿ?"

ದುರ್ಬೀನು ನೆಟ್ಟಗೆ ಕೂತ. ಹಾಗೆ ಯಾರೂ ಅವನನ್ನು ಕೇಳಿರಲಿಲ್ಲ. "ನೀರಿನ ಟ್ಯಾಂಕಿನ ಹತ್ರ. ಬೇಲಿ ಅಡ್ಡ ಬರಲ್ಲ. ಆದ್ರೆ ಬಿಸಿಲು ಮುಖಕ್ಕೇ ಹೊಡೆಯುತ್ತೆ, ಟೋಪಿ ತನ್ನಿ. ನೀವು ಮೇಲೆದ್ದ ಕೂಡ್ಲೆ ಎಡಗಡೆ ರೆಕ್ಕೆ ವಾಲಿಸಿ ನಮಗೊಂದು ನಮಸ್ಕಾರ ಹಾಕ್ತೀರಲ್ಲ, ಅದು ಅಲ್ಲಿಗೆ ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ? ನಾವೂ ಎಲ್ರೂ ಕೈ ಎತ್ತಿ ಬೀಸ್ತೀವಿ. ಮಕ್ಕಳಂತೂ ಕುಣೀತಾವೆ."

ಡಾಕ್ಟರು ಸೂರಿನ ತಗಡನ್ನೇ ನೋಡುತ್ತಿದ್ದರು. ಹೌದೆಂದು ಸುಮ್ಮನಾಗಬಹುದಿತ್ತು. ಎದುರಿಗೆ ಕೂತಿದ್ದವನು ಅದೇ ಮಧ್ಯಾಹ್ನ ಮುಂದಕ್ಕೆ ಎಂದುಬಿಡಬಹುದಾಗಿದ್ದರೂ ಎನ್ನದವನು.

"ಅದು ನಮಸ್ಕಾರ ಅಲ್ಲ," ಎಂದರು. "ಷಡ್ಡಕ ಶೆಡ್ಡಿನ ಬಾಗಿಲು ಹಾಕಿದಾನೋ ಇಲ್ವೋ ಅಂತ ಬಗ್ಗಿ ನೋಡ್ತಿದ್ದೆ. ನಾಯಿ ನುಗ್ಗಿ ಸಾಮಾನೆಲ್ಲ ಎಳೆದಾಡ್ತಿದ್ವು."

ದುರ್ಬೀನು ಬಾಗಿಲಿನ ಕಡೆ ತಿರುಗಿ ನೋಡಿದ. "ಅಂದ್ರೆ, ಇಷ್ಟು ವರ್ಷ ನಾವು ಕೈ ಬೀಸಿದ್ದು?"

"ನನಗೆ ಕಾಣ್ಲೇ ಇಲ್ಲ. ಬಾಗಿಲು ಮಾತ್ರ ಕಾಣ್ತಿತ್ತು."

"ಅವರು ಬಾಗಿಲು ಹಾಕಿರ್ತಿದ್ರಾ?"

"ಒಂದು ದಿನವೂ ಇಲ್ಲ."

ಇಬ್ಬರಿಗೂ ನಗು ಬಂತು. ಬಂದ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ದುರ್ಬೀನು ಕೈಯ ಮಸಿಯನ್ನು ಚಿಂದಿಯಿಂದ ಒರೆಸಿಕೊಳ್ಳುತ್ತ, ತಲೆಯೆತ್ತದೆ ಕೇಳಿದ, "ಆ ಮೇಡಂಗೆ ಒಂದು ಮಾತು ಹೇಳ್ತೀರಾ? ಎಡಕ್ಕೆ ವಾಲಿಸಕ್ಕೆ?"

"ಹೇಳ್ತೀನಿ," ಎಂದರು ಡಾಕ್ಟರು. "ಬಾಗಿಲು ಹಾಕಕ್ಕೆ ನನ್ನ ಷಡ್ಡಕನಿಗೂ ಹೇಳ್ತೀನಿ." ಕುರ್ಚಿಯ ಕೈ ಹಿಡಿದು ಮೇಲೇಳಲು ಒಮ್ಮೆ ಪ್ರಯತ್ನಿಸಿ, ಮತ್ತೆ ಒರಗಿದರು. ಬಿಚ್ಚಿದ ಪ್ಲಗ್ಗುಗಳೆಲ್ಲ ಹಳೆಯ ಟವೆಲಿನ ಮೇಲೆ ಸಾಲಾಗಿ ಬಿದ್ದಿದ್ದವು. ಅವನ್ನು ಕೂರಿಸುವ ಕೆಲಸ ಇನ್ನೂ ಹಾಗೇ ಉಳಿದಿತ್ತು.