ಡ್ಯಾಮಿನ ನೀರಿಗೆ ಉಡಿ ತುಂಬಲು ಹೋದದ್ದು

ಮೊಮ್ಮಗಳು ನೀರಿಗೆ ಬಿದ್ದದ್ದು ನನ್ನ ತಪ್ಪಿನಿಂದ. ಕಾಲು ಜಾರಿತು, ಪಾಚಿ ಇತ್ತು ಅಂತ ನಮ್ಮ ಬಿಲ್ಡಿಂಗಿನವರು ಈಗಲೂ ಅನ್ನುತ್ತಾರೆ. ಪಾಚಿ ಗೀಚಿ ಏನೂ ಇರಲಿಲ್ಲ.

ಹೋದ ವರ್ಷ ಮಳೆ ನಿಂತ ಮೇಲೆ ಒಂದು ರವಿವಾರ ನಾವಿರುವ ಡೊಂಬಿವಲಿಯಿಂದ ಗಾಡಿ ಮಾಡಿಕೊಂಡು, ಬದ್ಲಾಪುರದ ಆಚೆ ಕಾಡುಗುಡ್ಡಗಳ ನಡುವೆ ಇರುವ ಒಂದು ಡ್ಯಾಮಿಗೆ ಹೋದೆವು. ಮಗ, ಸೊಸೆ, ಹನ್ನೊಂದು ವರ್ಷದ ಮೊಮ್ಮಗಳು, ನಾನು. ನೀರು ತುಂಬಿ ನಿಂತಿತ್ತು. ಮಗ ಫೋಟೊ ತೆಗೆದದ್ದೇ ತೆಗೆದದ್ದು. ನಮ್ಮ ವಿಜಯಪುರ ಕಡೆಯ ಹೆಂಗಸರು ತುಂಬಿದ ನೀರು ಕಂಡರೆ ಗಂಗವ್ವನಿಗೆ ಉಡಿ ತುಂಬದೆ ಬರುವುದಿಲ್ಲ. ಕುಬಸದ ಖಣ, ಹಸಿರು ಬಳೆ, ಅಕ್ಕಿ, ಉತ್ತತ್ತಿ, ಬಾಳೆಹಣ್ಣು ಚೀಲದಲ್ಲಿ ಇಟ್ಟುಕೊಂಡೇ ಹೋಗಿದ್ದೆ.

ಮಗ, ಸೊಸೆ ಊಟದ ಡಬ್ಬಿ ತರಲು ಗಾಡಿಯ ಕಡೆ ಹೋದರು. ನನ್ನ ಮೊಣಕಾಲು ಬಗ್ಗುವುದಿಲ್ಲ. ಖಣದಲ್ಲಿ ಎಲ್ಲ ಕಟ್ಟಿ ಹುಡುಗಿಯ ಕೈಗೆ ಕೊಟ್ಟು, "ಮೊಣಕಾಲಮಟ ನೀರಾಗ ಹೋಗಿ ಬಿಟ್ಟು ಬಾ" ಅಂದೆ.

"ಅಜ್ಜಿ, ಬೋರ್ಡ್ ಲಗಾಯಾ ಹೈ. ಪಾನಿ ಮೇ ಜಾನಾ ಮನಾ ಹೈ." ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

"ನೀರಿಗೆ ಇಳೀಬ್ಯಾಡ್ರಿ ಅಂತ ಬರದದ್ದು ಕುಡದು ಬರೋ ಗಂಡಸರಿಗೆ. ದೇವರ ಕೆಲಸಕ್ಕಲ್ಲ. ಹೋಗ."

"ಪೆಹಲೇ ಮಮ್ಮೀ ಕೋ ಪೂಛೋ."

"ನಿಮ್ಮಪ್ಪನ್ನ ಹಡದಾಕಿ ನಾ. ನಾ ಯಾರನ್ನ ಕೇಳಬೇಕು?"

ಹೋದಳು. ಒಂದು ಹೆಜ್ಜೆಗೆ ಪಾದ ಮುಳುಗಿತು, ಎರಡನೆಯದಕ್ಕೆ ಮೀನಖಂಡ. ಮೂರನೆಯದಕ್ಕೆ ಹುಡುಗಿಯೇ ಇಲ್ಲ. ಬಾಳೆಹಣ್ಣು ತೇಲುತ್ತಿತ್ತು.

ನಮ್ಮೂರ ಕೆರೆ ಎಮ್ಮೆ ಇಳಿಯುವ ಹಾಗೆ ಮೆಲ್ಲಗೆ ಆಳವಾಗುತ್ತದೆ. ಇದು ಕಣಿವೆಗೆ ಗೋಡೆ ಕಟ್ಟಿ ನಿಲ್ಲಿಸಿದ ನೀರು. ದಂಡೆ ಅಂತ ನಾನು ತಿಳಿದದ್ದು ಗುಡ್ಡದ ಪಕ್ಕೆ. ನೀರಿನೊಳಗೂ ಅದು ಹಾಗೇ ಕಡಿದಾಗಿ ಇಳಿದಿತ್ತು.

ಕೆಸರಿನಲ್ಲಿ ಹೊಟ್ಟೆಯ ಮೇಲೆ ಬಿದ್ದು ನೀರೊಳಗೆ ಕೈ ಆಡಿಸಿದೆ. ಬರೀ ನೀರು. ಆಮೇಲೆ ಜಡೆ ಸಿಕ್ಕಿತು. ಮುಂಗೈಗೆ ಸುತ್ತಿಕೊಂಡೆ. ಅವಳ ಭಾರಕ್ಕೆ ನಾನೂ ಜಾರತೊಡಗಿದೆ. ಬಿಟ್ಟುಬಿಡಲೇ ಅಂತ ಒಮ್ಮೆ ತಲೆಗೆ ಬಂತು. ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಯಾರೋ ಹಿಂದಿನಿಂದ ನನ್ನ ಎರಡೂ ಕಾಲು ಹಿಡಿದು ಎಳೆದರು. ಅಲ್ಲಿ ಮೆಕ್ಕೆಜೋಳ ಸುಟ್ಟು ಮಾರುವ ಹೆಂಗಸು.

"ಆಜೀ, ವೇಡ ಲಾಗ್ಲಂಯ್ ಕಾ?" ಹುಚ್ಚು ಹಿಡಿದಿದೆಯಾ ಅಂತ ಮರಾಠಿಯಲ್ಲಿ ಬೈದಳು. ಬೈಯಲಿ.

ನನ್ನ ಜೊತೆಗೇ ದಂಡೆಗೆ ಬಂದ ಹುಡುಗಿ ನೀರು ಕಾರಿ ಕೆಮ್ಮಿದಳು. ಮಗ ಓಡಿ ಬಂದು "ಏನಾತು?" ಅಂದಾಗ ನನ್ನ ಮುಖ ನೋಡಿದಳು.

"ಆಡಾಕ ಹೋಗಿ ಜಾರಿದ್ಲು" ಅಂದೆ ನಾನು.

ದಾರಿಯುದ್ದಕ್ಕೂ ಮಗ ಅವಳಿಗೇ ಬೈದ. ಶಾಲೆಯ ಪಿಕ್ನಿಕ್ಕಿಗೆ ಕಳಿಸುವುದೇ ಇಲ್ಲ ಅಂದ. ನನ್ನ ಮಗ್ಗುಲಲ್ಲೇ ನಡುಗುತ್ತ ಕೂತಿದ್ದಳು. ನನಗೆ ನೀರಿನ ಹೆದರಿಕೆಯೇ ಇನ್ನೂ ಇಳಿದಿರಲಿಲ್ಲ, ಅದರ ಮೇಲೆ ಇವಳು ಎಲ್ಲಿ ಬಾಯಿ ಬಿಡುತ್ತಾಳೋ ಅನ್ನುವ ಹೆದರಿಕೆ. ಅವಳು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಮಗ ಮಹಾಪೆಯ ಆಫೀಸಿಗೆ ಹೊರಟು ಬೂಟು ಹಾಕಿಕೊಳ್ಳುತ್ತಿದ್ದ. ಸೊಸೆಯನ್ನೂ ಅಡುಗೆಮನೆಯಿಂದ ಕರೆದೆ. ಬಾಗಿಲಿಗೆ ಅಡ್ಡ ನಿಂತು, ಹುಡುಗಿಗೂ ಕೇಳುವ ಹಾಗೆ, ಕಳಿಸಿದವಳು ನಾನು, ಇವಳು ಎರಡು ಸಲ ತಡೆದಿದ್ದಳು ಅಂತ ಹೇಳಿದೆ. ಆಮೇಲೆ ಅವನು ಸಹಿ ಹಾಕಬೇಕಿದ್ದ ಶಾಲೆಯ ಪಿಕ್ನಿಕ್ಕಿನ ಚೀಟಿಯನ್ನೂ ಪೆನ್ನನ್ನೂ ಅವನ ಮುಂದೆ ಹಿಡಿದೆ.